ಇಲಿ ಕಟ್ಟಿದ ಸೂರು

ಕಂಬಗಳ ಮೇಲೆ ಹಲಗೆ ಜೋಡಿಸಿ ಎತ್ತರಿಸಿದ ಅಟ್ಟಣೆಯೊಂದರ ಅಡಿಯಲ್ಲಿ ಇಲಿಯೊಂದು ಮರಿ ಹಾಕಿತ್ತು. ಹಲಗೆಗಳ ಸಂದಿನಿಂದ ಮಳೆಹನಿ ತೊಟ್ಟಿಕ್ಕಿದಾಗಲೆಲ್ಲ ಅದರ ಎದೆ ಧಸಕ್ಕೆನ್ನುತ್ತಿತ್ತು. ಕೊನೆಗೆ ಯಾರನ್ನೂ ಕೇಳದೆ, ಎಲ್ಲಿಂದಲೋ ಎಳೆದು ತಂದ ಪ್ಲಾಸ್ಟಿಕ್ ಹಾಳೆಯನ್ನು ತಾನೇ ಹಲಗೆಗಳ ಕೆಳಗೆ ಹರಡಿ, ಸುತ್ತಲಿನ ಅಂಚನ್ನೆಲ್ಲ ಬಿಗಿಯಾಗಿ ಮೇಲಕ್ಕೆತ್ತಿ ಕಟ್ಟಿತು.

"ಇನ್ನು ಒಂದು ಹನಿಯೂ ಕೆಳಗೆ ಬೀಳುವುದಿಲ್ಲ" ಎಂದಿತು.

ಕಂಬದ ಮೇಲಿದ್ದ ಹಲ್ಲಿ ಲೊಚಗುಟ್ಟಿತು. ಆಡಿದ ಮಾತಿಗೆ ಹಲ್ಲಿ ಲೊಚಗುಟ್ಟಿತೆಂದರೆ ಅದು ನಿಜವೆಂದುಕೊಂಡು ಇಲಿ ನಿಶ್ಚಿಂತೆಯಿಂದ ಮಲಗಿತು.

ಮಳೆ ಹಿಡಿದುಕೊಂಡಿತು. ಹೇಳಿದಂತೆ ಒಂದು ಹನಿಯೂ ಬೀಳಲಿಲ್ಲ. ಆದರೆ ಆ ಪ್ಲಾಸ್ಟಿಕ್ ಸೂರು ದಿನದಿನಕ್ಕೂ ಜೋಲುತ್ತ ಬಂದು, ಒಂದು ಬೆಳಗ್ಗೆ ಇಲಿಯ ಬೆನ್ನಿಗೆ ತಣ್ಣಗೆ ತಾಗಿತು. ಇಲಿ ಮರಿಗಳನ್ನು ಹೊಟ್ಟೆಯಡಿಗೆ ಎಳೆದುಕೊಂಡಿತು.

"ಹಲ್ಲಿಯಣ್ಣ, ಅವತ್ತು ನೀನು ಲೊಚಗುಟ್ಟಿದ್ದೆಯಲ್ಲ?"

"ನೀನು ಹೇಳಿದ್ದು ನಿಜವಾಗಿತ್ತು ತಾಯಿ, ಲೊಚಗುಟ್ಟಿದೆ. ಆ ನೀರು ಎಲ್ಲಿಗೆ ಹೋಗುತ್ತದೆ ಎಂದು ನೀನು ಹೇಳಲೇ ಇಲ್ಲ."

"ಈಗೇನು ಮಾಡಲಿ?"

ಹಲ್ಲಿ ಬಾಯಿ ತೆರೆಯುವಷ್ಟರಲ್ಲಿ, ಮರಿಗಳ ತಲೆಯ ಮೇಲೇ, ಸೂರಿನಲ್ಲಿ ತುಂಬಿದ್ದ ನೀರಿನೊಳಗಿಂದ ಕಪ್ಪೆಯೊಂದು ವಟಗುಟ್ಟುತ್ತ ಇನ್ನಷ್ಟು ಮಳೆಯನ್ನು ಕರೆಯತೊಡಗಿತು.