ಬಹುಪರಾಕಿಲ್ಲದ ಮೂರು ದಿನ

ನೆಲಕೋಟೆಯ ದೊರೆ ಓಬಳರಾಯ ಹಾಸಿಗೆಯಿಂದ ಕಾಲು ಕೆಳಗಿಟ್ಟರೆ ಸಾಕು, ನಾಲ್ವರು ಹೊಗಳುಭಟರು "ವೈರಿಗಳ ಎದೆನಡುಕ, ಬಹುಪರಾಕ್!" ಎಂದು ಕೂಗುತ್ತಿದ್ದರು. ಆಕಳಿಸಿದರೆ ಒಂದು ಬಿರುದು, ಸೀನಿದರೆ ಇನ್ನೊಂದು.

ಅಂಥ ದೊರೆ ಒಂದು ದಿನ ಮಂತ್ರಿ ಹಂಪಣ್ಣನನ್ನು ಸಭೆಗೆ ಕರೆಸಿ ಗುಡುಗಿದ.

"ನನ್ನ ಮಗ ನಿನ್ನೆ ರಾಯಭಾರಿಯ ಪೇಟದ ಮೇಲೆ ಮಜ್ಜಿಗೆ ಸುರಿದ. ಇವತ್ತು ಊಟದ ತಟ್ಟೆ ಎಸೆದ. ಎಲ್ಲ ಆ ದಾದಿ ಹೊನ್ನವ್ವನ ತಪ್ಪು! ಮೂರು ದಿನದಲ್ಲಿ ಅವನನ್ನು ಸರಿಮಾಡು. ಇಲ್ಲದಿದ್ದರೆ ಅವಳನ್ನು ಗಡಿಯಾಚೆ ಅಟ್ಟುತ್ತೇನೆ."

ಹೊನ್ನವ್ವ ಬಾಗಿಲ ಮರೆಯಲ್ಲಿ ಸೆರಗು ಬಾಯಿಗಿಟ್ಟುಕೊಂಡು ಅಳುತ್ತಿದ್ದಳು. ತಾಯಿಯಿಲ್ಲದ ಆ ಐದು ವರ್ಷದ ಕೂಸನ್ನು ಎದೆಗೊತ್ತಿಕೊಂಡು ಬೆಳೆಸಿದವಳು ಅವಳೇ. ಹಂಪಣ್ಣ ಅವಳತ್ತ ಒಮ್ಮೆ ನೋಡಿ ದೊರೆಯ ಕಡೆ ತಿರುಗಿದ.

"ಪ್ರಭು, ಕುಮಾರನಿಗೆ ಯಾವತ್ತಾದರೂ ಶಹಬ್ಬಾಸ್ ಅಂದಿದ್ದುಂಟೇ?"

"ಹೊಗಳಿದರೆ ಮಕ್ಕಳು ತಲೆ ಮೇಲೆ ಕೂರುತ್ತಾರೆ! ತಪ್ಪು ಮಾಡಿದಾಗ ಹೋಗಿ ಬೈದು ಬರುತ್ತೇನಲ್ಲ, ಸಾಲದೇ?"

"ಹಾಗಾದರೆ ತಮ್ಮ ಹೊಗಳುಭಟರನ್ನು ಮೂರು ದಿನ ನನಗೆ ಕೊಡಿ. ಅಷ್ಟು ದಿನ ತಮ್ಮನ್ನು ಯಾರೂ ಹೊಗಳಬಾರದೆಂದು ಅಪ್ಪಣೆಯಾಗಲಿ. ಅರಮನೆಯ ಹೊಗಳಿಕೆಯೆಲ್ಲ ಕುಮಾರನ ಮದ್ದಿಗೇ ಬೇಕು."

"ತಗೊಂಡು ಹೋಗು! ಹೊಗಳಿಕೆಗೆ ಬಾಯಿಬಿಡಲು ನಾನೇನು ಕೂಸೇ? ಮೂರು ದಿನವೇನು, ಮೂರು ವರ್ಷ ಇರಬಲ್ಲೆ!"

ಸಭೆ ಅಭ್ಯಾಸಬಲದಿಂದ 'ಭಲೇ' ಎನ್ನಲು ಬಾಯಿ ತೆರೆಯಿತು. ಹಂಪಣ್ಣ ಕಣ್ಣು ಬಿಟ್ಟ. ಸಭೆ ಬಾಯಿ ಮುಚ್ಚಿತು.

ಮೊದಲ ದಿನ ದೊರೆ ತೋಟದಲ್ಲಿ ಬಾಣ ಬಿಟ್ಟು ಮಾವಿನಕಾಯಿ ಕೆಡವಿದ. ಹೆಮ್ಮೆಯಿಂದ ಹಿಂತಿರುಗಿ ನೋಡಿದ.

"ಬಿತ್ತು," ಎಂದ ಸೇನಾಪತಿ.

ಎರಡನೆಯ ದಿನ ಕ್ಷೌರಿಕನನ್ನು ಕೇಳಿದ, "ಮೀಸೆ ಹೇಗಿದೆಯೋ?"

"ಅಲ್ಲೇ ಇದೆ, ಪ್ರಭು."

ಅತ್ತ ಕುಮಾರನ ಹಿಂದೆ ನಾಲ್ಕು ಗಂಟಲುಗಳು ಬಿದ್ದಿದ್ದವು. ಒಳ್ಳೆಯದು ಮಾಡಿದರೆ ಕೂಗಿ, ಕೆಟ್ಟದ್ದು ಮಾಡಿದರೆ ತಲೆಯೆತ್ತಿ ಮಾಡಿನ ಜಂತೆ ಎಣಿಸಿ ಎಂದು ಹಂಪಣ್ಣ ಹೇಳಿಕೊಟ್ಟಿದ್ದ. ಕುಮಾರ ಮೂರು ತುತ್ತು ಎಸೆದ. ನಾಲ್ವರೂ ಜಂತೆ ಎಣಿಸಿದರು. ಬೇಸರವಾಗಿ ನಾಲ್ಕನೆಯ ತುತ್ತನ್ನು ಬಾಯಿಗಿಟ್ಟ.

"ತಾನೇ ಕಲಸಿ ಉಂಡ ಧೀರ, ಬಹುಪರಾಕ್!"

ಸಂಜೆಗೆ "ಬೆಕ್ಕಿನ ಬಾಲ ಬಿಟ್ಟುಕೊಟ್ಟ ಕರುಣಾಳು"ವೂ ಆದ.

ಮೂರನೆಯ ದಿನ ಪರೀಕ್ಷೆ. ದೊರೆ ಮಗನ ಪಕ್ಕದಲ್ಲೇ ಊಟಕ್ಕೆ ಕೂತ. ಕುಮಾರ ಒಂದು ಅಗುಳೂ ಚೆಲ್ಲದೆ ಉಂಡು ಮುಗಿಸಿದ. ಹೊಗಳುಭಟರು ಬಹುಪರಾಕ್ ಕೂಗಿದರು. ಹೊನ್ನವ್ವನ ಕಣ್ಣು ತುಂಬಿತು. ದೊರೆ ತನ್ನ ತಟ್ಟೆ ನೋಡಿಕೊಂಡ, ಸುತ್ತ ನೋಡಿದ. ಅವನತ್ತ ಯಾರೂ ತಿರುಗಲಿಲ್ಲ.

"ನಾನೂ ಒಂದಗುಳು ಚೆಲ್ಲಿಲ್ಲ ಕಣ್ರೋ!" ಎಂದು ಕಿರುಚಿ ತಟ್ಟೆಯನ್ನು ಕಂಬಕ್ಕೆಸೆದ. ಪೇಟ ಕಿತ್ತು ಬಿಸಾಕಿ ಗೋಡೆಗೆ ಮುಖ ಮಾಡಿ ಕೂತ. "ಯಾರೂ ನನ್ನ ಹತ್ತಿರ ಬರಬೇಡಿ!"

ಕುಮಾರ ಹೊನ್ನವ್ವನನ್ನು ಮೆಲ್ಲಗೆ ಕೇಳಿದ, "ಅವ್ವಾ, ಅಪ್ಪಾಜಿ ತಟ್ಟೆ ಎಸೆದರು. ಈಗ ನಾವೆಲ್ಲ ಜಂತೆ ಎಣಿಸಬೇಕಾ?"

ಹಂಪಣ್ಣ ಕೈಮುಗಿದ. "ಪ್ರಭು, ತಮಗೆ ನಲವತ್ತೆಂಟು ವರ್ಷ. ಹೊಗಳಿಕೆ ತಪ್ಪಿದ್ದು ಮೂರೇ ದಿನ. ಆ ಕೂಸಿಗೆ ಐದು ವರ್ಷ, ತಪ್ಪಿದ್ದೂ ಐದು ವರ್ಷ. ಅವನು ಇನ್ನೂ ಅರಮನೆಗೆ ಬೆಂಕಿ ಹಚ್ಚಿಲ್ಲವಲ್ಲ, ಅದು ಹೊನ್ನವ್ವನ ಪುಣ್ಯ."

ದೊರೆಯ ಹೆಗಲು ಅಲುಗಿತು. ಅಳುತ್ತಿದ್ದಾನೆಂದು ಎಲ್ಲರೂ ಹೆದರಿದರು. ತಿರುಗಿದಾಗ ಅವನು ಹೊಟ್ಟೆ ಹಿಡಿದುಕೊಂಡು ನಗುತ್ತಿದ್ದ.

"ಹೊನ್ನವ್ವ ಎಲ್ಲಿಗೂ ಹೋಗಬೇಕಿಲ್ಲ. ಈ ನಾಲ್ವರೂ ಇನ್ನು ಮಗನಿಗೇ ಇರಲಿ!"

"ಬೇಡ, ಪ್ರಭು," ಎಂದ ಹಂಪಣ್ಣ. "ಇವರು ಕೂಗಿದಾಗಲೆಲ್ಲ ಕುಮಾರ ಬಾಗಿಲ ಕಡೆ ತಿರುಗಿ, ಅಪ್ಪಾಜಿ ಬಂದರೇನೋ ಎಂದು ನೋಡುತ್ತಿದ್ದ. ತಮಗೆ ನಾಲ್ವರು ಬೇಕು. ಅವನಿಗೆ ತಾವೊಬ್ಬರು ಸಾಕು."