ಈರಕ್ಕ ಕಲಿಸಿದ ಓಟ

ನೆಟ್ಟಗೆ ಕುಳಿತು ಕೇಳಿ ಮಕ್ಕಳೇ, ನಡುವೆ ಬಾಯಿ ಹಾಕಬೇಡಿ. ನಮ್ಮ ಅಜ್ಜಿಯ ಅಜ್ಜಿಗೂ ಬಹಳ ಹಿಂದೆ ಒಂದು ಊರಿತ್ತಂತೆ. ಆ ಊರಿನವರು ಬಂಡೆ ಒಡೆದು ಬದುಕುತ್ತಿದ್ದರಂತೆ. ಬಂಡೆಗೆ ತೂತು ಕೊರೆಯುವುದು, ಮದ್ದು ತುಂಬುವುದು, ಬತ್ತಿಗೆ ಬೆಂಕಿ ಹಚ್ಚಿ ಓಡುವುದು. ಆ ಕಲ್ಲುಗುಣಿಯಲ್ಲಿ ಸದಾ ಗಾಳಿ. ಉದ್ದದ ಬತ್ತಿ ಆರಿಹೋಗುತ್ತದೆಂದು ಗಿಡ್ಡ ಬತ್ತಿಯನ್ನೇ ಇಡುತ್ತಿದ್ದರು. ಹನ್ನೆರಡು ಎಣಿಸುವುದರೊಳಗೆ ಮರೆಬಂಡೆಯ ಹಿಂದೆ ಸೇರಬೇಕು. ಸೇರದವರನ್ನು ಕಂಬಳಿಯಲ್ಲಿ ಕಟ್ಟಿ ತರುತ್ತಿದ್ದರಂತೆ.

ಈರಕ್ಕನ ಗಂಡ ಗುರಪ್ಪನೂ ಹಾಗೆಯೇ ಮನೆಗೆ ಬಂದನಂತೆ. ಅವನು ನಿಧಾನದವನಲ್ಲ. ಓಡುತ್ತಾ ಒಮ್ಮೆ ತಿರುಗಿ ನೋಡಿದ, ಅಷ್ಟೆ. ಬತ್ತಿ ಆರಿದರೆ ಹಚ್ಚಿದವನಿಗೆ ಅವಮಾನವೆಂದು ಆ ಜನ ತಿಳಿದಿದ್ದರು. ಹಾಗಾಗಿ ಎಲ್ಲರೂ ತಿರುಗಿ ನೋಡುತ್ತಿದ್ದರು. ಒಂದು ನೋಟಕ್ಕೆ ಮೂರು ಹೆಜ್ಜೆ ನಷ್ಟ.

ಬತ್ತಿ ಹಚ್ಚುವ ಸರದಿ ಮನೆಮನೆಗೂ ಬರುತ್ತಿತ್ತು. ಈರಕ್ಕನ ಮನೆಯಲ್ಲಿ ಇನ್ನು ಉಳಿದವಳು ಮಗಳು ಸುಂಕಿ ಒಬ್ಬಳೇ. ಇವಳನ್ನು ಕಂಬಳಿಯಲ್ಲಿ ತರಲು ಬಿಡುವುದಿಲ್ಲ ಎಂದು ಈರಕ್ಕ ಆಣೆ ಇಟ್ಟಳಂತೆ.

ಅಂದಿನಿಂದ ಅವಳು ಓಟ ಕಲಿಸತೊಡಗಿದಳು. ಮೊದಲು ಸುಂಕಿಗೆ, ಆಮೇಲೆ ಊರಿನ ಮಕ್ಕಳಿಗೆಲ್ಲ. ಕೆರೆಯ ಕೆಸರಿನಲ್ಲಿ ಮೊಣಕಾಲುಮಟ್ಟ ಇಳಿಸಿ ಓಡಿಸಿದಳಂತೆ. ಅವರ ಸೊಂಟಕ್ಕೆ ಹಗ್ಗ ಬಿಗಿದು, ಅದರ ಇನ್ನೊಂದು ತುದಿಯನ್ನು ಹೋರಿಗೆ ಕಟ್ಟಿ, ಇಳಿಜಾರಿನಲ್ಲಿ ಹೋರಿಯನ್ನು ಬೆದರಿಸಿ ಬಿಟ್ಟಳಂತೆ. ಎದೆಗೆ ಒಂದು ಮುತ್ತುಗದ ಎಲೆ ಇಟ್ಟು, ಕೈಯಲ್ಲಿ ಹಿಡಿಯದೆ ಓಡಲು ಹೇಳುತ್ತಿದ್ದಳು. ಓಟದ ಗಾಳಿಗೇ ಎಲೆ ಎದೆಗೆ ಅಂಟಿಕೊಂಡಿರಬೇಕು. ಬಿದ್ದರೆ ಮತ್ತೆ ಮೊದಲಿನಿಂದ.

"ಎಲೆ ಹಾಕಿದ್ದಾಯಿತು, ಊಟಕ್ಕೆ ಯಾವಾಗ ಬಡಿಸ್ತೀಯೇ ಈರಕ್ಕ?" ಎಂದು ಮದ್ದು ತುಂಬುವ ಓಬಣ್ಣ ನಗುತ್ತಿದ್ದನಂತೆ.

"ನಿನ್ನ ತಿಥಿಗೆ ಬಡಿಸ್ತೀನಿ ಕಣೋ, ತಾಳು," ಎನ್ನುತ್ತಿದ್ದಳಂತೆ ಈರಕ್ಕ.

ಕೊನೆಯ ಪಾಠ ಮಾತ್ರ ಯಾರಿಗೂ ನಗು ತರಲಿಲ್ಲ. ಮಕ್ಕಳು ಓಡುವಾಗ ಅವಳು ಹಿಂದೆ ನಿಂತು ಹೆಸರು ಹಿಡಿದು ಕೂಗುತ್ತಿದ್ದಳು. ಒಮ್ಮೆ ತಾಯಿಯ ಅಳುವಿನಲ್ಲಿ, ಒಮ್ಮೆ ಸತ್ತ ತಂದೆಯ ದನಿಯಲ್ಲಿ. ಆ ಕೂಗು ಕೇಳಿದರೆ ಊರಿನ ನಾಯಿಗಳೂ ಬಾಲ ಮುದುಡುತ್ತಿದ್ದವಂತೆ. ತಿರುಗಿ ನೋಡಿದವರಿಗೆ ಅಂದು ಗಂಜಿ ಇಲ್ಲ. ಸುಂಕಿಗೆ ಇಪ್ಪತ್ತು ದಿನ ಗಂಜಿ ಸಿಗಲಿಲ್ಲವಂತೆ. ಇಪ್ಪತ್ತೊಂದನೆಯ ದಿನ ಅವಳು ತಿರುಗಲಿಲ್ಲ. ಆಮೇಲೆ ಎಂದೂ ತಿರುಗಲಿಲ್ಲ.

ಸುಂಕಿಯ ಸರದಿ ಬಂತು. ಈರಕ್ಕ ಗುಣಿಯ ಅಂಚಿನ ಮೇಲೆ ನಿಂತಿದ್ದಳಂತೆ. ಮಗಳು ಬೆಂಕಿ ಹಚ್ಚಿ ಹಾರಿದಳು. ತಾಯಿಯ ಜೀವ ತಡೆಯದೆ ಈರಕ್ಕ ಮುಂದಕ್ಕೆ ಬಗ್ಗಿದಳು. ಕಾಲಡಿಯ ಕಲ್ಲು ಜಾರಿತು. ಈರಕ್ಕ ಗುಣಿಯೊಳಗೆ ಬಿದ್ದಳು, ಉರಿಯುವ ಬತ್ತಿಯ ಪಕ್ಕದಲ್ಲೇ. ಕಲ್ಲು ಉರುಳಿ ಕಾಲನ್ನು ಹಿಡಿಯಿತು.

"ಸುಂಕೀ!" ಎಂದು ಒಮ್ಮೆ ಕೂಗಿದಳಂತೆ.

ಸುಂಕಿ ತಿರುಗಲಿಲ್ಲ.

ಮರೆಬಂಡೆಯ ಪಕ್ಕದಿಂದ ಇಣುಕಿದ ಓಬಣ್ಣ ಎಲ್ಲವನ್ನೂ ಕಂಡನಂತೆ. ಈರಕ್ಕ ಎರಡನೆಯ ಸಲ ಬಾಯಿ ತೆರೆದಳು. ಆಮೇಲೆ ಸೆರಗನ್ನು ಮುಷ್ಟಿ ಮಾಡಿ ತನ್ನ ಬಾಯಿಗೆ ತಾನೇ ತುರುಕಿಕೊಂಡಳು.

ಸುಂಕಿ ಒಂಬತ್ತು ಎಣಿಸುವುದರೊಳಗೆ ಮರೆ ಸೇರಿದಳು. ಏದುಸಿರಿನಲ್ಲಿಯೇ ನಕ್ಕಳಂತೆ. "ಕೇಳಿದ್ಯಾ ಓಬಣ್ಣ? ಅವ್ವ ಇವತ್ತೂ ಬಿಡಲಿಲ್ಲ, ಕೂಗಿದಳು. ನಾನು ತಿರುಗಿದೆನಾ?"

ಓಬಣ್ಣ ಅವಳ ತಲೆಯನ್ನು ಎದೆಗೆ ಒತ್ತಿ ಹಿಡಿದು ಕಿವಿ ಮುಚ್ಚಿದನು. ಆಗ ಬಂಡೆ ಸಿಡಿಯಿತು.

ಆ ಊರಿನಲ್ಲಿ ಆಮೇಲೆ ಓಡಲಾಗದೆ ಸತ್ತವರಿಲ್ಲವಂತೆ. ಈಗಲೂ ಅಲ್ಲಿನ ಕಲ್ಲುಗುಣಿಯಲ್ಲಿ ಬತ್ತಿ ಹಚ್ಚಿದವರು ತಿರುಗಿ ನೋಡುವುದಿಲ್ಲ. ಕಲ್ಲು ಸಿಡಿದು ಧೂಳು ಇಳಿದ ಮೇಲೆ, ಓಡಿ ಬಂದವರು ಗುಣಿಯ ಕಡೆಗೆ ಮುಖ ಮಾಡಿ ನಿಲ್ಲುತ್ತಾರೆ. ಯಾರೂ ಕೂಗಿರುವುದಿಲ್ಲ. ಆದರೂ ಗಟ್ಟಿಯಾಗಿ "ಓ, ಅವ್ವಾ" ಎನ್ನುತ್ತಾರೆ. ಆಮೇಲೆಯೇ ನೀರು ಕುಡಿಯುತ್ತಾರೆ.