ಅತ್ತೆಯನ್ನು ಇಳಿಸಿದ ಚೂಪಣ್ಣನ ದೋಣಿ

ಕಾಡು ಮುಗಿದು ಕೆರೆ ಶುರುವಾಗುವ ಕಡೆ ಒಂದು ಮುಳ್ಳುಹಂದಿ ಸಂಸಾರವಿತ್ತು. ಕೆರೆಯೆಂದರೆ ಅಂತಿಂಥ ಕೆರೆಯಲ್ಲ. ಹದ್ದು ಕೂಡ ಆಚೆ ದಡ ಮುಟ್ಟುವಷ್ಟರಲ್ಲಿ ಎರಡು ಸಲ ಸುಧಾರಿಸಿಕೊಳ್ಳಬೇಕು. ಸಂಸಾರದ ಯಜಮಾನ ಚೂಪಣ್ಣ. ಮುತ್ತುಗದ ಎಲೆ ಸೇರಿಸಿ ದೋಣಿಗೆ ಹಾಯಿ ಹೊಲಿಯುವುದರಲ್ಲಿ ಅವನನ್ನು ಮೀರಿಸುವವರು ಇರಲಿಲ್ಲ. ಆ ಮಾತನ್ನು ಬೇರೆಯವರು ಹೇಳುವ ಮೊದಲು ಅವನೇ ಹೇಳುತ್ತಿದ್ದ.

ಆದರೆ ಅವನ ಬಿಲ ತಗ್ಗಿನಲ್ಲಿತ್ತು. ಹೋದ ಮಳೆಗಾಲದಲ್ಲಿ ನೀರು ನುಗ್ಗಿ, ಹೆಂಡತಿ ಸೂಜಿ, ಇಬ್ಬರು ಮಕ್ಕಳು, ಅತ್ತೆ ಗಿಡ್ಡಮ್ಮ ಎಲ್ಲರೂ ಮೂರು ದಿನ ಬಂಡೆಯ ಮೇಲೆ ನೆನೆಯುತ್ತಾ ಕೂತಿದ್ದರು. ಚಿಕ್ಕ ಮಗಳ ಕೆಮ್ಮು ಹೋಗಲು ತಿಂಗಳು ಹಿಡಿಯಿತು. ಊರಿಗೆಲ್ಲ ನೀರು ಹತ್ತದ ಜಾಗ ಒಂದೇ, ದಿಬ್ಬದ ಬಿಲ. ಅದನ್ನು ಹಂಚುವುದಕ್ಕೆ ಆ ಕಾಡಿನಲ್ಲಿ ಒಂದು ಪದ್ಧತಿಯಿತ್ತು. ಮಳೆಗೆ ಮುಂಚೆ ಹಾಯಿದೋಣಿ ಪಂದ್ಯ. ನಡುಗಡ್ಡೆ ಸುತ್ತಿ ಮೊದಲು ದಡ ಮುಟ್ಟಿದ ದೋಣಿಯಲ್ಲಿ ಯಾರು ಯಾರು ಕೂತಿರುತ್ತಾರೋ, ಆ ಮಳೆಗಾಲಕ್ಕೆ ಬಿಲ ಅವರದು. ಬೇರೆಯವರು ಒಳಗೆ ಬರಬೇಕಾದರೆ ಅವರು ಕರೆಯಬೇಕು.

"ಈ ಸಲ ಬಿಲ ನಮ್ಮದೇ. ಬರೆದಿಟ್ಕೊಳ್ಳಿ!" ಎಂದ ಚೂಪಣ್ಣ.

"ಮೊದಲು ಗೆಲ್ಲಿ. ಆಮೇಲೆ ಬರೆಯೋಣ," ಎಂದಳು ಸೂಜಿ.

ಪಂದ್ಯದ ದಿನ ಐದು ದೋಣಿಗಳು ಸಾಲಾಗಿ ನಿಂತವು. ಎಲೆ ಅಲುಗುವಷ್ಟೇ ಗಾಳಿ. ಚೂಪಣ್ಣನ ಮನೆಯವರೆಲ್ಲ ಹತ್ತಿ ಕೂತರು. ಕೊನೆಗೆ ಗಿಡ್ಡಮ್ಮ ಹತ್ತಿದಳು. ದೋಣಿ ಒಂದು ಗೇಣು ನೀರಿಗಿಳಿಯಿತು. ಚೂಪಣ್ಣನ ಎದೆಯೂ ಅಷ್ಟೇ ಇಳಿಯಿತು.

ಪಕ್ಕದ ದೋಣಿ ಮೊಲ ಕಿವಿಯಣ್ಣನದು. ದೋಣಿ ದೊಡ್ಡದು, ಕೂತಿದ್ದವರು ಅವನು, ಅವನ ಹೆಂಡತಿ, ಎರಡು ಮರಿಗಳು. ಅದನ್ನು ಕಂಡು ಚೂಪಣ್ಣನ ತಲೆ ಓಡಿತು. 'ನನ್ನ ಭಾರ ಇಳಿಯಬೇಕು, ಇವನ ಭಾರ ಏರಬೇಕು. ಒಂದೇ ಕಲ್ಲು, ಎರಡು ಹಣ್ಣು!'

"ಕಿವಿಯಣ್ಣಾ, ನಮ್ಮತ್ತೆಗೆ ಮಂಡಿನೋವು ಕಣೋ. ನಿನ್ನ ದೋಣಿಯಲ್ಲಾದರೆ ಕಾಲು ಚಾಚಿ ಕೂರಬಹುದು," ಎಂದು ರಾಗ ಎಳೆದ.

"ಅದಕ್ಕೇನಂತೆ, ಬರಲಿ ಬಿಡು. ಆದರೆ ಅಮ್ಮಾ, ಮುಳ್ಳು ಮಾತ್ರ ಮಡಚಿಕೊಂಡು ಕೂತ್ಕೊಳ್ಳಿ," ಎಂದ ಮೊಲ.

ಗಿಡ್ಡಮ್ಮ ಅಳಿಯನ ಮುಖ ನೋಡಿದಳು. "ನನ್ನ ಮಂಡಿ ನೋಯ್ತಿರೋದು ನನಗೇ ಗೊತ್ತಿರಲಿಲ್ಲ ಅಳಿಯಂದಿರೇ," ಎಂದು ದೋಣಿ ಬದಲಿಸಿದಳು.

ಅಜ್ಜಿಯ ಹಿಂದೆ ಮಕ್ಕಳು ಹೊರಟವು. ಚೂಪಣ್ಣ ತಡೆಯಲಿಲ್ಲ. ಹೆಂಡತಿಯ ಕಿವಿಯಲ್ಲಿ, "ನೀನೂ ಹೋಗು. ಗೆದ್ದ ಮೇಲೆ ಬಿಲದ ಯಜಮಾನ ನಾನೇ ತಾನೆ? ಎಲ್ಲರನ್ನೂ ಒಳಗೆ ಕರೀತೀನಿ," ಎಂದ.

"ಏನ್ರೀ, ಒಬ್ಬರೇ ದೋಣಿ ನಡೆಸ್ತೀರಾ?"

"ನನ್ನ ಹಾಯಿ ನಾನು ಹೊಲಿದದ್ದು. ನನ್ನ ಮಾತು ಕೇಳುತ್ತೆ." ಸೂಜಿಯೂ ಮೊಲದ ದೋಣಿಗೆ ದಾಟಿದಳು.

ತೀರ್ಪು ಹೇಳುವ ಕೊಕ್ಕರೆಯಜ್ಜ ರೆಕ್ಕೆ ಬಡಿದ. ದೋಣಿಗಳು ಹೊರಟವು. ಅಷ್ಟು ಸಣ್ಣ ಗಾಳಿಗೂ ಚೂಪಣ್ಣನ ಹಗುರ ದೋಣಿ ಒಣಗಿದ ಎಲೆಯ ಹಾಗೆ ಜಾರಿತು. ಕಿವಿಯಣ್ಣನ ದೋಣಿ ಗಬ್ಬದ ಎಮ್ಮೆಯ ಹಾಗೆ ತೆವಳಿತು.

"ಕಿವಿಯಣ್ಣಾ, ಸಂಜೆಯೊಳಗೆ ಬರ್ತೀಯೋ, ಬುತ್ತಿ ಕಳಿಸಲೋ?" ಎಂದು ಚೂಪಣ್ಣ ಕೂಗಿದ. ನಗುತ್ತಲೇ ನಡುಗಡ್ಡೆ ಸುತ್ತಿದ.

ಆಚೆ ಬದಿಯಲ್ಲಿ ಎರಡು ಗುಡ್ಡಗಳ ನಡುವಿನ ಸಂದಿನಿಂದ ಮಧ್ಯಾಹ್ನದ ಗಾಳಿ ಇಳಿಯಿತು. ಹಾಯಿ ಬುಗ್ಗೆಂದು ಉಬ್ಬಿತು. ದೋಣಿ ಒಂದು ಕಡೆಗೆ ವಾಲಿತು. ಗಾಳಿ ಬರುವ ಕಡೆಯ ಅಂಚಿನಲ್ಲಿ ಯಾರಾದರೂ ಭಾರ ಬಿಟ್ಟು ಕೂರಬೇಕಿತ್ತು. ಚೂಪಣ್ಣ ಅತ್ತ ಹಾರಿದ. ಚುಕ್ಕಾಣಿ ತಿರುಗಿಹೋಯಿತು. ಚುಕ್ಕಾಣಿ ಹಿಡಿಯಲು ಓಡಿದ. ದೋಣಿ ಇನ್ನಷ್ಟು ವಾಲಿತು. ಎರಡು ಸಲ ಅತ್ತ, ಎರಡು ಸಲ ಇತ್ತ. ಐದನೆಯ ಸಲಕ್ಕೆ ದೋಣಿ ಕವುಚಿ ಬಿತ್ತು.

ಉಳಿದ ದೋಣಿಗಳು ಹೆದರಿ ಹಾಯಿ ಇಳಿಸಿದವು. ಕಿವಿಯಣ್ಣನ ದೋಣಿಯೂ ವಾಲಿತು. ಮೊಲಗಳು ಹತ್ತಿ ಉಂಡೆಗಳು, ಹಾರಿಹೋಗಬೇಕಿತ್ತು. ಅಷ್ಟರಲ್ಲಿ ಗಿಡ್ಡಮ್ಮ ಗದರಿದಳು: "ಗಾಳಿ ಬರೋ ಕಡೆ ಸರೀರೋ ಎಲ್ಲ! ಕಿವಿಯಣ್ಣಾ, ನೀನು ಚುಕ್ಕಾಣಿ ಬಿಡಬೇಡ!" ಎಂದವಳೇ ಮಗಳು, ಮೊಮ್ಮಕ್ಕಳನ್ನು ಎಳೆದುಕೊಂಡು ಅಂಚಿನ ಮೇಲೆ ಕೂತಳು. ದೋಣಿ ನೆಟ್ಟಗಾಯಿತು. ತುಂಬಿದ ಹಾಯಿ ಹೊತ್ತು ಬಾಣದ ಹಾಗೆ ಬಂತು.

"ಅಪ್ಪ ನೀರಲ್ಲಿ!" ಎಂದು ಮಗಳು ಕಿರುಚಿದಳು. ಸೂಜಿ ಬಳ್ಳಿಹಗ್ಗ ಎಸೆದಳು. ಟೊಳ್ಳು ಮುಳ್ಳಿನ ಚೂಪಣ್ಣ ಮುಳುಗಿರಲಿಲ್ಲ. ಹಗ್ಗ ಹಿಡಿದು, ನೀರು ಕುಡಿಯುತ್ತಾ, ದೋಣಿಯ ಹಿಂದೆ ಎಳೆಸಿಕೊಂಡು ಬಂದ.

ಕಿವಿಯಣ್ಣನ ದೋಣಿಯೇ ಮೊದಲು ದಡ ಮುಟ್ಟಿತು.

"ನಾನೂ ಇದೇ ದೋಣಿ ಜೊತೆ ಬಂದೆ. ಬಿಲದಲ್ಲಿ ನನಗೂ ಪಾಲಿದೆ!" ಎಂದ ಚೂಪಣ್ಣ, ಸೀನುತ್ತಾ.

"ಕೂತು ಬಂದವರಿಗೆ ಬಿಲ. ನೀನು ನೇತುಬಿದ್ದು ಬಂದೆ," ಎಂದ ಕೊಕ್ಕರೆಯಜ್ಜ. "ಇವನನ್ನು ಒಳಗೆ ಕರೆಯುವವರು ಇದ್ದೀರೇನಪ್ಪ?"

ಕಿವಿಯಣ್ಣ ಹಾಯಿ ಮಡಚತೊಡಗಿದ. ಸೂಜಿ ಕೆರೆಯ ಕಡೆ ನೋಡುತ್ತಿದ್ದಳು. ಚೂಪಣ್ಣ ಮೊದಲ ಬಾರಿಗೆ ತಲೆ ತಗ್ಗಿಸಿದ. "ಅತ್ತೆಮ್ಮ, ಮಂಡಿನೋವು ಸುಳ್ಳು. ನಿಮ್ಮನ್ನು ಇಳಿಸೋಕೆ ಹೇಳಿದ್ದು," ಎಂದ.

"ಅದು ನನಗೆ ಆಗಲೇ ಗೊತ್ತಿತ್ತು. ನೀವು ಹೇಳ್ತೀರೋ ಇಲ್ವೋ ಅಂತ ಕಾಯ್ತಿದ್ದೆ," ಎಂದಳು ಗಿಡ್ಡಮ್ಮ. "ಬನ್ನಿ. ಒಳಗೆ ಮಕ್ಕಳು ಮಲಗ್ತಾರೆ. ಬಾಗಿಲ ಹತ್ತಿರ ಎರಚಲು ಹೊಡೆಯುತ್ತೆ. ಆ ಜಾಗ ನಿಮ್ಮದು."

ಆ ಮಳೆಗಾಲ ಪೂರ್ತಿ ಚೂಪಣ್ಣ ದಿಬ್ಬದ ಬಿಲದ ಬಾಗಿಲಿಗೆ ಬೆನ್ನು ಕೊಟ್ಟು ಕೂತ. ಅವನ ಬೆನ್ನು ಒಂದು ದಿನವೂ ಒಣಗಲಿಲ್ಲ. ಒಳಗೆ ಮೊಲದ ಮರಿಗಳೂ ಅವನ ಮಕ್ಕಳೂ ಬೆಚ್ಚಗೆ ಮಲಗಿದ್ದವು. ಚಿಕ್ಕ ಮಗಳು ಒಂದು ಸಲವೂ ಕೆಮ್ಮಲಿಲ್ಲ.

ನೀತಿ: ತನ್ನವರನ್ನು ಭಾರವೆಂದು ಇಳಿಸಿ ಮುಂದೆ ಹೋದವನಿಗೆ, ಬಿರುಗಾಳಿ ಬಂದಾಗ ದೋಣಿ ನೆಟ್ಟಗಿಡಲು ಪಕ್ಕದಲ್ಲಿ ಯಾರೂ ಇರುವುದಿಲ್ಲ.